ಕೆಮ್ಮಣ್ಣನ ಮನೆಯವರು

ಮೀಸೆಯನ್ನು ಮೊದಲು ಕಂಡವಳು ಪೂರ್ಣಿಮಾ.

ಬೆಳಗಾವಿಯ ಆಟೋ ನಗರದಲ್ಲಿ, ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡುಗಳ ಸಾಲು ಮುಗಿಯುವ ಕಡೆ, ಪದ್ಮಾಕರ ಸಾವಕಾರರ ಮುದ್ರಣಾಲಯವಿದೆ. ಅದರ ಮೇಲಂತಸ್ತಿನ ಉದ್ದನೆಯ ಮೇಜಿನ ಮೇಲೆ ಆ ಬೆಳಿಗ್ಗೆ ಚಿತ್ರಕಥೆಯ ಹಾಳೆಗಳನ್ನು ಒಂದರ ಪಕ್ಕ ಒಂದರಂತೆ ಹರವಲಾಗಿತ್ತು. ಕೆಳಗೆ ಯಂತ್ರವು ಗಣಿತದ ಗೈಡನ್ನು ಅಚ್ಚು ಹಾಕುತ್ತಿದ್ದುದರಿಂದ ಮೇಜು ಸಣ್ಣಗೆ ನಡುಗುತ್ತಿತ್ತು. ಹಾಳೆಯೊಳಗಿನ ವೀರನೂ ಅವನ ವೈರಿಯೂ ಆ ನಡುಕದಲ್ಲಿ ಜೀವ ಬಂದವರಂತೆ ಅಲುಗುತ್ತಿದ್ದರು. ಪೂರ್ಣಿಮಾ ಆ ಸಂಸ್ಥೆಯ ಸಂಪಾದಕಿ, ಮೈಸೂರಿನ ಕಡೆಯವಳು, ಈ ಊರಿನ ಮಾತು ಅವಳ ಕಿವಿಗೆ ಇನ್ನೂ ಪೂರ್ತಿ ಒಗ್ಗಿರಲಿಲ್ಲ. ಅವಳು ಒಂದು ಹಾಳೆಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಯಾರು?"

"ಶೀತಲ," ಎಂದ ಬಸವಪ್ರಸಾದ. ಚಿತ್ರ ಬರೆದವನು ಅವನೇ.

"ಶೀತಲಗೆ ಮೀಸೆ ಯಾಕಿದೆ?"

ಬಸವಪ್ರಸಾದನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮೀಸಿ ಬಿಟ್ಟಾರ್ರಿ. ಅದಕ್ಕ ಐತಿ."

ಎದುರಿಗೆ ಕುಳಿತಿದ್ದ ಪದ್ಮಾಕರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಳಗಾವಿಯ ಜೈನರ ಮನೆಗಳಲ್ಲಿ ಶೀತಲ ಎಂಬುದು ಗಂಡಸಿನ ಹೆಸರೆಂದು ಪೂರ್ಣಿಮಾಗೆ ತಿಳಿಸಿ ಹೇಳಿದರು. ತೀರ್ಥಂಕರರೊಬ್ಬರ ಹೆಸರದು. ತಮ್ಮ ಸೋದರಮಾವನೇ ಒಬ್ಬ ಶೀತಲ, ಅವನ ಮೀಸೆಯ ತುದಿಗಳು ಕಿವಿಯ ತನಕ ಹೋಗುತ್ತಿದ್ದವು, ಆ ಮೀಸೆಗೆ ಹೆದರಿ ತಾವು ಬಾಲ್ಯದಲ್ಲಿ ಹಾಲು ಕುಡಿದದ್ದು ಎಂದರು. ಪೂರ್ಣಿಮಾ ನಗಲಿಲ್ಲ. ಅವಳ ದೃಷ್ಟಿ ಮೇಜಿನ ತುದಿಯಲ್ಲಿದ್ದ ಕೊನೆಯ ಹಾಳೆಗೆ ಹೋಗಿತ್ತು.

"ಹಾಗಾದರೆ ಕೊನೆಯ ಪುಟದಲ್ಲಿ ಒಡಪು ಹೇಳೋದು ಈ ಮೀಸೆಯವರಾ ಸರ್? ನಾನು ಹೆಂಡತಿ ಅಂದುಕೊಂಡು ಓದಿದ್ದೆ."

ಪದ್ಮಾಕರರ ನಗು ಅರ್ಧಕ್ಕೇ ನಿಂತಿತು. ಅವರು ಶೀತಲನನ್ನು ಗಂಡಸೆಂದೇ ಓದಿದ್ದರು. ಗಂಡಸೆಂದು ಓದಿದ್ದರಿಂದಲೇ ಅವನನ್ನು ವೀರನ ದೋಸ್ತನೆಂದು ತಿಳಿದಿದ್ದರು, ಕೊನೆಯ ಪುಟವನ್ನು ದೋಸ್ತರ ಚೇಷ್ಟೆ ಎಂದು ನಕ್ಕು ಬಿಟ್ಟಿದ್ದರು. ಪೂರ್ಣಿಮಾ ಇಬ್ಬರನ್ನೂ ದಂಪತಿಗಳೆಂದು ಓದಿದ್ದಳು. ಹಾಗೆ ಓದಿದ್ದರಿಂದಲೇ ಶೀತಲನನ್ನು ಹೆಣ್ಣೆಂದು ತಿಳಿದಿದ್ದಳು. ಒಂದೇ ಕಥೆಯ ಹಸ್ತಪ್ರತಿಯನ್ನು ಇಬ್ಬರೂ ಓದಿದ್ದರು, ಇಬ್ಬರೂ ಸಂತೋಷದಿಂದ ಒಪ್ಪಿದ್ದರು. ಬರೆದವರು ಬರೆದಿದ್ದ ಕಥೆಯನ್ನು ಮಾತ್ರ ಇಬ್ಬರಲ್ಲಿ ಒಬ್ಬರೂ ಓದಿರಲಿಲ್ಲ.

ಇಷ್ಟು ದೊಡ್ಡ ತಪ್ಪು ಇಷ್ಟು ದಿನ ಅಡಗಿ ಕುಳಿತದ್ದು ಬಹುವಚನದ ಮರೆಯಲ್ಲಿ. ಕಥೆ ಬರೆದವನು ವಿನೀತ. ಅವನು ಬಸವಪ್ರಸಾದನ ಜೊತೆ ದೇಸೂರಿನಲ್ಲಿ ಒಂದೇ ಮನೆಯಲ್ಲಿ ವಾಸವಾಗಿರುವವನು, ಖಾನಾಪುರದ ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡುವವನು. ಅಂಗಡಿಗೆ ಬರುವ ಪ್ರತಿಯೊಬ್ಬರನ್ನೂ ಮರ್ಯಾದೆಯಿಂದ ಮಾತನಾಡಿಸಿ ಮಾತನಾಡಿಸಿ, ಕಾಗದದ ಮೇಲಿನ ಮನುಷ್ಯರಿಗೂ ಅವನು ಬಹುವಚನವನ್ನೇ ಹಚ್ಚುತ್ತಿದ್ದ. ಶೀತಲ ಬಂದರು, ಶೀತಲ ಲಾಟೀನು ಎತ್ತಿದರು, ಶೀತಲ ನಕ್ಕರು. 'ಬಂದನು' ಎಂದೋ 'ಬಂದಳು' ಎಂದೋ ಬರೆದಿದ್ದರೆ ಮೊದಲನೆಯ ಪುಟದಲ್ಲೇ ಎಲ್ಲ ತಿಳಿಯಾಗುತ್ತಿತ್ತು. ಮರ್ಯಾದೆ ಹೆಚ್ಚಾದದ್ದರಿಂದ ಮನುಷ್ಯ ಕಾಣದೆ ಹೋದ.

ಪುಸ್ತಕದ ವೀರನ ಹೆಸರು ಕೆಮ್ಮಣ್ಣ. ಅವನು ಖಾನಾಪುರದ ಹಂಚಿನ ಕಾರ್ಖಾನೆಯ ಕೂಲಿಯಾಗಿದ್ದ ಭರಮಪ್ಪ. ಹಂಚು ಸುಡುವ ಭಟ್ಟಿ ಸಿಡಿದ ದಿನ ಅವನ ಮೈ ಸುಟ್ಟ ಹಂಚಿನಷ್ಟು ಗಟ್ಟಿಯಾಯಿತು. ಅಂದಿನಿಂದ ಮುಖವಾಡ ಧರಿಸಿ ಊರನ್ನು ಕಾಯುತ್ತಿದ್ದಾನೆ. ಅವನಿಗಿರುವ ದೌರ್ಬಲ್ಯ ಒಂದೇ. ಯಾರಾದರೂ ಭಯಪಟ್ಟು ಅವನ ಹುಟ್ಟುಹೆಸರನ್ನು ಕೂಗಿದರೆ ಅವನು ಮತ್ತೆ ಹಸಿಮಣ್ಣಾಗಿ ಕರಗಿಹೋಗುತ್ತಾನೆ. ಆ ಹೆಸರನ್ನು ಬಲ್ಲವನು ಶೀತಲನೊಬ್ಬನೇ. ಕೊನೆಯಲ್ಲಿ ಕರಾಳಮೇಘನೆಂಬ ಖಳನು ಊರ ನಡುವೆ ಶೀತಲನನ್ನು ಹಿಡಿದು ನಿಲ್ಲಿಸಿ, ಹೆಸರು ಹೇಳೆಂದು ಬೆದರಿಸುತ್ತಾನೆ. ಶೀತಲ ಹೇಳುತ್ತಾನೆ, ಆದರೆ ಒಡಪು ಹಾಕಿ ಹೇಳುತ್ತಾನೆ. ಈ ಸೀಮೆಯಲ್ಲಿ ಗಂಡನ ಹೆಸರನ್ನು ಹೆಂಡತಿಯಾಗಲಿ, ಹೆಂಡತಿಯ ಹೆಸರನ್ನು ಗಂಡನಾಗಲಿ ಸುಮ್ಮನೆ ನಾಲಗೆಯ ಮೇಲೆ ತರುವುದಿಲ್ಲ. ಮದುವೆಯ ದಿನ, ಮನೆ ತುಂಬಿಸಿಕೊಳ್ಳುವ ದಿನ, ನೆರೆದವರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಪ್ರಾಸದ ನುಡಿಗಳನ್ನು ಕಟ್ಟಿ ಅವುಗಳ ತುದಿಗೆ ಹೆಸರನ್ನು ಪೋಣಿಸಿ ಹೇಳುತ್ತಾರೆ. ಭಯದಿಂದ ಕೂಗಿದರೆ ಕರಗಿಸುವ ಹೆಸರು, ಹೀಗೆ ಒಡಪಿನಲ್ಲಿ ಬಂದಾಗ ಕೆಮ್ಮಣ್ಣನನ್ನು ಎಂದೂ ಕರಗದವನನ್ನಾಗಿ ಮಾಡುತ್ತದೆ. ಅಲ್ಲಿಗೆ ಕರಾಳಮೇಘ ಮುಗಿದ.

ಪದ್ಮಾಕರರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಒಂದೇ ಸರಕಿಗೆ ಎರಡು ಬಿಲ್ಲು ಬರೆದ ಅಂಗಡಿಯವರ ಪೇಚಿತ್ತು. ತಮ್ಮ ಗೈಡುಗಳು ಹೋಗುವುದು ಶಾಲೆಗಳಿಗೆ, ಹೆಡ್ ಮಾಸ್ತರರು ಏನೆನ್ನುತ್ತಾರೋ ಎಂದರು. ಮೀಸೆಯನ್ನು ಅಳಿಸಿ ಎರಡು ಬಳೆ ತೊಡಿಸಿದರೆ ವಾರದೊಳಗೆ ಅಚ್ಚಿಗೆ ಕೊಡಬಹುದು. ಬೇಡವೆಂದರೆ ಒಡಪಿನ ಪುಟವನ್ನು ತೆಗೆದುಬಿಡಬಹುದು. ಎರಡರಲ್ಲಿ ಒಂದು.

ಬಸವಪ್ರಸಾದ ಹಾಳೆಗಳನ್ನು ಮಡಿಸದೆ, ಅವಸರಪಡದೆ, ಒಂದರ ಮೇಲೊಂದು ಜೋಡಿಸತೊಡಗಿದ. ಹಗಲೆಲ್ಲ ಲಾರಿಗಳ ಹಣೆಗೆ ಹುಲಿ, ಹದ್ದು ಬರೆಯುವ ಕೈ ಅದು. ಅವನ ಬಾಲ್ಯವೆಲ್ಲ ರವಿವಾರ ಪೇಟೆಯ ಹಳೆಯ ಪುಸ್ತಕಗಳ ರಾಶಿಯ ಮುಂದೆ ಕಳೆದಿತ್ತು. ಮುಖಪುಟವಿಲ್ಲದ, ನಡುಪುಟ ಹರಿದ ವೀರರ ಚಿತ್ರಕಥೆಗಳನ್ನು ಅವನು ಅಲ್ಲಿಂದ ಹೆಕ್ಕಿ ತರುತ್ತಿದ್ದ. ಆ ವೀರರು ಗ್ರಹಗಳನ್ನು ಬೆರಳಲ್ಲಿ ತಿರುಗಿಸಿದರು, ಸತ್ತು ಮರಳಿ ಬಂದರು, ಬೇರೆ ನಕ್ಷತ್ರದ ರಾಜಕುಮಾರಿಯರನ್ನು ವರಿಸಿದರು. ಏನು ಬೇಕಾದರೂ ನಡೆಯಬಹುದಾದ ಆ ಲೋಕದಲ್ಲಿ ಇಬ್ಬರು ಗಂಡಸರು ಒಂದು ಮನೆ ಮಾಡಿಕೊಂಡಿರುವುದು ಮಾತ್ರ ನಡೆಯಲಿಲ್ಲ. ಮುಂದೆ, ಮೊಬೈಲು ಬಂದ ಮೇಲೆ, ಹೊರದೇಶದ ಹೊಸ ಪುಸ್ತಕಗಳಲ್ಲಿ ಅಂಥವರೂ ಇದ್ದಾರೆಂದು ತಿಳಿದು ರಾತ್ರಿ ಹಗಲೆನ್ನದೆ ಹುಡುಕಿದ. ಒಬ್ಬನು ತನ್ನ ಮನಸ್ಸನ್ನು ಹೇಳಿಕೊಂಡ ಮರುಸಂಚಿಕೆಯಲ್ಲೇ ಸತ್ತ. ಇನ್ನಿಬ್ಬರು ಪುಟದ ಮೂಲೆಯಲ್ಲಿ, ಉಗುರಿನಷ್ಟು ಚೌಕಟ್ಟಿನಲ್ಲಿ, ಕೈ ಹಿಡಿದುಕೊಂಡು ನಿಂತಿದ್ದರು. ಒಬ್ಬನಿಗೆ ಮದುವೆಯೇ ಆಯಿತು. ಆದರೆ ಅದೇ ಕಥೆಯ ಅನುವಾದ ಕೈಗೆ ಸಿಕ್ಕಾಗ ನೋಡಿದರೆ, ವರನ ಪಕ್ಕ ನಿಂತ ವರನು ಅದರಲ್ಲಿ ಚಿಕ್ಕಪ್ಪನ ಮಗನಾಗಿದ್ದ.

ಇದನ್ನೆಲ್ಲ ಅವನು ಪದ್ಮಾಕರರಿಗೆ ಮೆಲ್ಲನೆ, ಒಂದೊಂದೇ ಹಾಳೆಯನ್ನು ಜೋಡಿಸುತ್ತ, ಹೇಳಿದ. ಕಡೆಯ ಹಾಳೆಗೆ ಬಂದಾಗ ತಲೆಯೆತ್ತಿದ.

"ಹಾರೂದು, ಗುದ್ದೂದು ಎಲ್ಲಾರೂ ಕೊಟ್ಟಾರ್ರಿ ಸಾವಕಾರ್ರ. ಮನಿ ಯಾರೂ ಕೊಟ್ಟಿಲ್ಲ. ಕೆಮ್ಮಣ್ಣಗ ಮನಿ ಇಲ್ಲಂದ್ರ ಪುಸ್ತಕನ ಬ್ಯಾಡ. ನಾ ಹುಲಿ ಬರಕೋತ ಇರ್ತೇನಿ."

ಪೂರ್ಣಿಮಾ ಅಷ್ಟು ಹೊತ್ತೂ ಕಿಟಕಿಯ ಬಳಿಯಲ್ಲೇ ನಿಂತಿದ್ದಳು. ಈಗ ಬಂದು ಕೊನೆಯ ಹಾಳೆಯ ಮೇಲೆ ಕೈಯಿಟ್ಟಳು.

"ಸರ್, ಈ ಪುಟ ಓದಿದಾಗ ನಾನು ಅತ್ತಿದ್ದೆ. ಅದರಲ್ಲಿ ಇವತ್ತಿಗೂ ಒಂದು ಅಕ್ಷರ ಬದಲಾಗಿಲ್ಲ. ಈಗ ನನಗೆ ಅಳು ಬರದಿದ್ದರೆ ತಪ್ಪು ಅಕ್ಷರದ್ದಲ್ಲ."

ಪದ್ಮಾಕರರು ಅವಳನ್ನೂ ನೋಡಿದರು, ಅವನನ್ನೂ ನೋಡಿದರು. ಅವರಿಗೆ ತಮ್ಮದೇ ಆದ ಒಂದು ಪದ್ಧತಿಯಿತ್ತು. ಆಟೋ ನಗರದ ಮುದ್ರಕರೆಲ್ಲ ಅದನ್ನು ಹೇಳಿ ನಗುತ್ತಿದ್ದರು. ಗೈಡುಗಳ ಮಾತು ಬೇರೆ. ಆದರೆ ಕಥೆಯ ಪುಸ್ತಕವೆಂದರೆ ಅಚ್ಚಿಗೆ ಕೊಡುವ ಮೊದಲು ಅದನ್ನು ಹತ್ತಾರು ಜನರ ಮುಂದೆ ಓದಿಸುತ್ತಿದ್ದರು. ತಾವು ಕಡೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತು ಕೆಮ್ಮನ್ನು ಕೇಳುತ್ತಿದ್ದರು. ಜನ ಹೊಗಳುವುದೂ ಸುಳ್ಳು, ತೆಗಳುವುದೂ ಸುಳ್ಳು, ಕೆಮ್ಮು ಮಾತ್ರ ಸುಳ್ಳಾಡದು ಎಂಬುದು ಅವರ ನಂಬಿಕೆ. ಕಥೆ ಬೇಸರವಾದಲ್ಲಿ ಕೆಮ್ಮು ಬರುತ್ತದೆ, ಮುಜುಗರವಾದಲ್ಲಿ ಇನ್ನೂ ಜೋರಾಗಿ ಬರುತ್ತದೆ. ಕೆಮ್ಮು ಬಿದ್ದ ಪುಟಕ್ಕೆ ಕತ್ತರಿ.

"ಕಥಿ ಖಾನಾಪುರದ್ದು. ಅಲ್ಲೇ ಓದೂಣು," ಎಂದರು ಪದ್ಮಾಕರರು. "ಕಡೀ ಪುಟಕ್ಕ ಕೆಮ್ಮ ಬಂತಂದ್ರ ನಾ ಹೇಳಿದಂಗ ನೀ ಕೇಳಬೇಕು. ಬರಲಿಲ್ಲಂದ್ರ ನೀ ಬರದಂಗ ನಾ ಅಚ್ಚ ಹಾಕತೇನಿ. ಆತಿಲ್ಲೋ?"

ಬಸವಪ್ರಸಾದ ಒಪ್ಪಿಕೊಂಡ. ಮೆಟ್ಟಿಲಿಳಿಯುವಾಗ ಮಾತ್ರ ಅವನಿಗೆ ತಾಯಿಯ ನೆನಪಾಯಿತು. ಖಾನಾಪುರವೆಂದರೆ ಅವನ ತಾಯಿ ಕಾಶವ್ವನ ಊರು. ಮಗ ಚಿತ್ರ ಬರೆದ ಪುಸ್ತಕವನ್ನು ಊರಲ್ಲಿ ಓದುತ್ತಾರೆಂದರೆ ಅವಳು ಮೊದಲ ಸಾಲಿನಲ್ಲಿ ಬಂದು ಕೂರುವುದು ನಿಶ್ಚಯವಾಗಿತ್ತು. ವಿನೀತನು ಅವಳ ಕೈಯ ರೊಟ್ಟಿಯನ್ನು ಎಷ್ಟೋ ಸಲ ಉಂಡಿದ್ದ. ಅವಳ ಪಾಲಿಗೆ ಅವನು ಬಸುವಿನ ರೂಮಿನ ಹುಡುಗ, ಬಾಡಿಗೆಯಲ್ಲಿ ಅರ್ಧ ಕೊಡುವವನು. ಅದಕ್ಕಿಂತ ಹೆಚ್ಚಿನದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ದೇಸೂರಿನ ಮನೆಯಲ್ಲಿ ಈ ಕರಾರನ್ನು ಕೇಳಿದ ವಿನೀತ ಅಕ್ಕಿ ಆರಿಸುವುದನ್ನು ಮುಂದುವರಿಸಿದ. ಆಮೇಲೆ ಅವನು ಕೇಳಿದ್ದು ಒಂದೇ: ಓದುವವರು ಯಾರು. ಹಾಳೆಗಳನ್ನು ಪರದೆಯ ಮೇಲೆ ತೋರಿಸಬೇಕಾದವನು ಬಸವಪ್ರಸಾದ. ಪೂರ್ಣಿಮಾ ಓದಿದರೆ ಖಾನಾಪುರದ ಮಾತು ಮೈಸೂರಿನದಾಗುತ್ತದೆ. ಉಳಿದವನು ತಾನೇ ಎಂದು ಗೊತ್ತಾದಾಗ ಅವನು ಮೊರವನ್ನು ಪಕ್ಕಕ್ಕಿಟ್ಟ. ಊರವರು ಕಲ್ಲು ಹೊಡೆದಾರೆಂಬ ಹೆದರಿಕೆ ತನಗಿಲ್ಲವೆಂದ. ಅರ್ಧ ಊರಿನ ಬಿಪಿ ಗುಳಿಗೆ ತನ್ನ ಕೈಯಿಂದಲೇ ಹೋಗಬೇಕಲ್ಲ. ಹೆದರಿಕೆಯಿರುವುದು ಬೇರೆಯದಕ್ಕೆ.

"ಮಾಗಿ ಚಳಿ ಐತಿ. ಊರಿಗೆ ಊರ ಕೆಮ್ಮಾಕತ್ತೈತಿ ಬಸು. ಅದೂ ಪುಸ್ತಕದ ಹೆಸರ ಕೆಮ್ಮಣ್ಣ. ಕೆಮ್ಮು ಅಣ್ಣಾ ಅಂದಂಗ ಕೇಳತೈತಿ."

ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೆ ಅವನು ಎದ್ದು, ಕೊನೆಯ ಪುಟವನ್ನು ಗೋಡೆಗೆ ಆನಿಸಿ, ದೂರ ನಿಂತು ನೋಡಿದ. ಆ ಒಡಪನ್ನು ಕಟ್ಟಿದವನು ಅವನೇ. ಯಾರ ಮುಂದೆಯೂ ಅವನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಬಸವಪ್ರಸಾದನ ಮುಂದೆ ಕೂಡ.

ರವಿವಾರ ಮಧ್ಯಾಹ್ನ ಖಾನಾಪುರದ ಸಮುದಾಯ ಭವನದಲ್ಲಿ ಜನ ಸೇರಿದರು. ಹಂಚಿನ ಕಾರ್ಖಾನೆಯ ಹೆಣ್ಣುಮಕ್ಕಳು, ಅವರ ಮುಂದಾಳಾದ ಸಂಗವ್ವ, ಕಾಲೇಜಿನ ಹುಡುಗ ಹುಡುಗಿಯರು, ಸಂತೆ ಮುಗಿಸಿ ಚೀಲಗಳೊಂದಿಗೆ ಬಂದ ಮರಾಠಿ ಗೃಹಿಣಿಯರು. ಭವನದ ಸಮಿತಿಯ ಅಧ್ಯಕ್ಷರಾದ ಗುರುಪುತ್ರಪ್ಪನವರು ಬಿಳಿ ರುಮಾಲು ಸುತ್ತಿ ಮುಂದಿನ ಕುರ್ಚಿಯಲ್ಲಿ ವಿರಾಜಮಾನರಾಗಿದ್ದರು. ಅವರ ಪಕ್ಕದ ಸಾಲಿನಲ್ಲಿ ಕಾಶವ್ವ ಇಳಕಲ್ ಸೀರೆಯುಟ್ಟು, ಮಗ ಬರೆದದ್ದನ್ನು ನೋಡಲು ಕನ್ನಡಕವನ್ನು ಮುಂಚೆಯೇ ಏರಿಸಿಕೊಂಡು ಕುಳಿತಿದ್ದಳು. ಬಾಗಿಲಲ್ಲಿ ವಿನೀತ ಬಂದವರಿಗೆಲ್ಲ ಕೆಮ್ಮಿನ ಗುಳಿಗೆ ಹಂಚುತ್ತಿದ್ದ. ಪದ್ಮಾಕರರು ಅದನ್ನು ಕಂಡು, ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು, ಇದು ನಡೆಯುವ ಮಾತಲ್ಲವೆಂದು ಹೇಳಿ, ಕಡೆಯ ಸಾಲಿಗೆ ಹೋಗಿ ಆ ಚೀಲದ ಮೇಲೇ ಕುಳಿತು ಕಣ್ಣು ಮುಚ್ಚಿದರು.

ಓದು ಶುರುವಾಯಿತು. ಪರದೆಯ ಮೇಲೆ ಭಟ್ಟಿ ಸಿಡಿಯಿತು. ಹಂಚಿನ ಕಾರ್ಖಾನೆಯ ಹೆಂಗಸರು ತಮ್ಮದೇ ಭಟ್ಟಿಯನ್ನು ಗುರುತಿಸಿ ಒಬ್ಬರನ್ನೊಬ್ಬರು ತಿವಿದರು. ಕೆಮ್ಮಣ್ಣ ಎದ್ದ. ಎದ್ದವನು ಒಂದಿಡೀ ಪುಟ ನ್ಯಾಯ, ನೀತಿ, ಮಾನವಕುಲ ಎಂದು ಭಾಷಣ ಮಾಡಿದ. ಅಲ್ಲಿ ಮೊದಲ ಕೆಮ್ಮು ಬಿತ್ತು. ಅದರ ಹಿಂದೆ ಮತ್ತೊಂದು. ಆಮೇಲೆ ಗಂಟಲು ಸರಿಮಾಡಿಕೊಳ್ಳುವ ದೊಡ್ಡ ಮೆರವಣಿಗೆಯೇ ನಡೆಯಿತು. ಪದ್ಮಾಕರರು ಕಣ್ಣು ತೆರೆಯದೆ ತೊಡೆಯ ಮೇಲೆ ಬೆರಳಿನಿಂದ ಗೀಟೊಂದನ್ನು ಎಳೆದರು. ಪೂರ್ಣಿಮಾ ಗೋಡೆಗೊರಗಿ ನಿಂತು ಆ ಬೆರಳನ್ನೇ ನೋಡಿದಳು.

ಶೀತಲ ಬಂದ ಮೇಲೆ ಸಭೆ ಸಡಿಲವಾಯಿತು. ಮೀಸೆಯ ಆ ಗಂಡಸು ಕೆಮ್ಮಣ್ಣನ ಬಿರುಕುಬಿಟ್ಟ ಮೊಣಕೈಗೆ ಮಣ್ಣು ಮೆತ್ತಿ ಬೈದಾಗ ಹೆಂಗಸರು ನಕ್ಕರು. ವೈರಿಯನ್ನು ಅಟ್ಟಿ ದಣಿದು ಬಂದ ವೀರನಿಗೆ, ಕಾಲು ತೊಳೆದು ಒಳಗೆ ಬಾ ಎಂದು ಗದರಿಸಿದಾಗ ಇನ್ನಷ್ಟು ನಕ್ಕರು. ಇವರಿಬ್ಬರು ಯಾರು ಯಾರಿಗೆ ಏನೆಂದು ಯಾರೂ ಕೇಳಲಿಲ್ಲ. ಕೇಳುವ ಹೊತ್ತಿಗೆ ಕಥೆ ಮುಂದೆ ಹೋಗಿರುತ್ತಿತ್ತು. ಬಸವಪ್ರಸಾದ ಹಾಳೆಗಳನ್ನು ತಿರುಗಿಸುತ್ತ ತಾಯಿಯ ಬೆನ್ನನ್ನೇ ನೋಡುತ್ತಿದ್ದ. ಆ ಬೆನ್ನಿನಿಂದ ಏನೂ ತಿಳಿಯುತ್ತಿರಲಿಲ್ಲ.

ಕರಾಳಮೇಘ ಬಂದ. ಊರ ಹಂಚುಗಳೆಲ್ಲ ಕರಗಿ ಹರಿದವು. ಶೀತಲನನ್ನು ಹಿಡಿದು ಚೌಕದಲ್ಲಿ ನಿಲ್ಲಿಸಿ ಅವನು ಹೆಸರು ಕೇಳಿದ. ವಿನೀತ ನೀರು ಕುಡಿದು, ಕಾಗದವನ್ನು ಕೆಳಗಿಟ್ಟ. ಅದನ್ನು ನೋಡಿ ಓದುವ ಅಗತ್ಯ ಅವನಿಗಿರಲಿಲ್ಲ.

"ಹಸಿಮಣ್ಣ ತುಳದ ಬೆಂಕ್ಯಾಗ ಸುಟ್ಟ ಹಂಚಿನ ಮಾಡ,
ಊರ ಕಾಯಾಕ ಹೋಗುವಾಗ ಮುಖಕ್ಕ ಮುಖವಾಡ,
ಮುಖವಾಡ ತಗದ ಕುಂದರತಾನ ನಮ್ಮ ಮನ್ಯಾಗ..."

ಪುಟ ಅಲ್ಲಿಗೆ ಮುಗಿಯುತ್ತಿತ್ತು. ಹೆಸರಿನ ಸಾಲು ಇದ್ದದ್ದು ಮುಂದಿನ, ಕೊನೆಯ ಹಾಳೆಯಲ್ಲಿ. ಪುಟ ತಿರುಗುವ ಮುಂಚಿನ ಕ್ಷಣದಲ್ಲಿ ಓದುಗನನ್ನು ನಿಲ್ಲಿಸುವುದು ಚಿತ್ರಕಥೆ ಬರೆಯುವವರ ಹಳೆಯ ಉಪಾಯ. ಬಸವಪ್ರಸಾದ ಅದನ್ನು ರವಿವಾರ ಪೇಟೆಯ ಹರಕು ಪುಸ್ತಕಗಳಿಂದ ಕಲಿತಿದ್ದ. ಈಗ ತಿರುಗಿಸಬೇಕಾದ ಅವನ ಕೈಯೇ ನಿಂತುಹೋಯಿತು. ವಿನೀತನ ಧ್ವನಿಯೂ ನಿಂತಿತು. ಕಡೆಯ ಸಾಲಿನಲ್ಲಿ ಪದ್ಮಾಕರರು ಕಿವಿಯನ್ನು ಮುಂದೆ ಚಾಚಿ ಕುಳಿತಿದ್ದರು.

ಆಗ ಹಿಂದುಗಡೆಯಿಂದ ಒಬ್ಬ ಹೆಂಗಸು ಕೂಗಿದಳು: "ಹೆಸರ ಹೇಳ್ರಿ."

ಅವಳು ಯೋಚಿಸಿ ಕೂಗಿದ್ದಲ್ಲ. ಹುಟ್ಟಿದಾಗಿನಿಂದ ಎಷ್ಟು ಮದುವೆಗಳಲ್ಲಿ, ಎಷ್ಟು ಹೊಸಮನೆಗಳ ಬಾಗಿಲಲ್ಲಿ ನಿಂತು ಕೂಗಿದ್ದಳೋ ಅದೇ ನಾಲಗೆ ತಾನಾಗಿ ಹೊರಳಿತ್ತು. ಒಡಪಿನ ನುಡಿ ಹೆಸರಿನ ಹೊಸ್ತಿಲಲ್ಲಿ ತಡೆದು ನಿಂತರೆ ನೆರೆದವರು ಮಾಡುವ ಕೆಲಸ ಒಂದೇ. ಮತ್ತೊಬ್ಬಳು ದನಿಗೂಡಿಸಿದಳು. ಮರಾಠಿ ಹೆಂಗಸರ ಸಾಲಿನಿಂದ "ನಾವ್ ಘ್ಯಾ, ನಾವ್ ಘ್ಯಾ" ಎಂದು ಅದೇ ಮಾತು ಮರಾಠಿಯಲ್ಲಿ ಕೇಳಿಬಂತು. ಕಾಲೇಜಿನ ಹುಡುಗಿಯರು ಚಪ್ಪಾಳೆಯ ತಾಳ ಹಿಡಿದರು. ಸಂಗವ್ವ ಎದ್ದು ನಿಂತು, ಹೆಸರು ಬರುವ ತನಕ ಯಾರನ್ನೂ ಹೊರಗೆ ಬಿಡುವುದಿಲ್ಲವೆಂದು ಬಾಗಿಲಿಗೆ ಅಡ್ಡ ಹೋದಳು. ರುಮಾಲಿನ ಗುರುಪುತ್ರಪ್ಪನವರ ಕಂಠವಂತೂ ಎಲ್ಲರ ಕಂಠವನ್ನೂ ಮೀರಿತು. ನಾಚಬ್ಯಾಡೋ, ಹೇಳೋ ತಮ್ಮಾ ಎಂದು ಅವರು ಕೋಲಿನಿಂದ ನೆಲ ಕುಟ್ಟಿದರು. ಇಡೀ ಖಾನಾಪುರ ಒಬ್ಬ ಗಂಡಸನ್ನು ಅವನ ಗಂಡನ ಹೆಸರು ಹೇಳೆಂದು ಕಾಡುತ್ತಿತ್ತು.

ವಿನೀತ ಬಸವಪ್ರಸಾದನ ಕಡೆ ಒಮ್ಮೆ ನೋಡಿದ. ಹಾಳೆ ತಿರುಗಿತು.

"ಭರಮಪ್ಪನ ಹೆಸರ ಹೇಳತೇನಿ ನಾಕ ಮಂದ್ಯಾಗ."

ಪರದೆಯ ಮೇಲೆ ಕೆಮ್ಮಣ್ಣನ ಮೈ ಕೆಂಡದಂತೆ ಬೆಳಗಿತು. ಕರಾಳಮೇಘ ಚೂರುಚೂರಾಗಿ ಮಲಪ್ರಭೆಗೆ ಬಿದ್ದ. ಭವನದ ತಗಡಿನ ಮಾಡು ಚಪ್ಪಾಳೆಯಿಂದ ಗುಡುಗಿತು. ಎದೆ ತುಂಬಿದ ಶ್ವಾಸ, ಮೂಗಿನ ಸೊರಸೊರ, ಕೂಗು, ಸಿಳ್ಳೆ ಎಲ್ಲ ಕೇಳಿದವು. ಮಾಗಿಯ ಚಳಿ ಗಂಟಲಲ್ಲಿ ಮನೆ ಮಾಡಿದ್ದ ಆ ಇಡೀ ಸಭೆಯಲ್ಲಿ ಕೆಮ್ಮು ಒಂದೂ ಕೇಳಲಿಲ್ಲ. ಪೂರ್ಣಿಮಾ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, ಅಳುತ್ತಿರುವುದು ತಾನೇ ಎಂದು ಪದ್ಮಾಕರರಿಗೆ ಕಾಣುವಂತೆ ಅವರ ಎದುರಿಗೇ ಬಂದು ನಿಂತಳು.

ಗದ್ದಲ ಇಳಿದಾಗ ಗುರುಪುತ್ರಪ್ಪನವರಿಗೆ ಎಚ್ಚರವಾಯಿತು. ಪರದೆಯ ಕೊನೆಯ ಚಿತ್ರದಲ್ಲಿ ವೀರನೂ ಮೀಸೆಯವನೂ ಒಂದೇ ಹೊಸ್ತಿಲ ಒಳಗೆ ನಿಂತಿದ್ದರು. ಅವರು ಕೋಲೂರಿ ಎದ್ದು, ಒಡಪು ಗಂಡ ಹೆಂಡಿರದು, ಇಬ್ಬರು ಗಂಡಸರ ನಡುವೆ ಇದೆಂಥದು, ಇಂಥದ್ದು ನಮ್ಮ ಕಡೆ ಇಲ್ಲ ಎಂದು ಸಭೆಗೆ ತಿಳಿಸಿದರು. ಕೆಲವರು ತಲೆ ತಗ್ಗಿಸಿದರು. ಚಪ್ಪಾಳೆ ಹೊಡೆದ ಕೈಗಳು ಮಡಿಲಿಗೆ ಇಳಿದವು.

ಸಂಗವ್ವ ಬಾಗಿಲಿನಿಂದಲೇ ಮಾತು ತೆಗೆದಳು. "ಇಲ್ಲಂದ್ರ ನೀವ್ಯಾಕ ಹೆಸರ ಕೇಳಿದ್ರಿ ಯಜಮಾನ್ರ? ಎಲ್ಲಾರಕಿಂತ ನಿಮ್ಮ ದನೀನ ದೊಡ್ಡದಿತ್ತು."

"ನಾ ಕಥೀ ಭರದಾಗ ಕೇಳಿದೆ."

"ನಾವೂ ಹಂಗ ಕೇಳಿದ್ವಿ. ಬಾಗಲಾ ಹಿಡದು ಹೆಸರ ಕೇಳಿದವರು ಮ್ಯಾಲ ಹೊಳ್ಳಿ, ಮದವಿ ಆಗಿಲ್ಲ ಅಂತ ಹೇಳಾಕ ಬರತೈತೇನ್ರಿ?"

ನಗು ಎಲ್ಲಿಂದ ಎದ್ದು ಎಲ್ಲಿಗೆ ಹರಡಿತೆಂದು ಹೇಳಲಾಗದು. ಗುರುಪುತ್ರಪ್ಪನವರ ಮೊಮ್ಮಗಳು ಸಾಕ್ಷಿ ಕಾಲೇಜಿನ ಹುಡುಗಿಯರ ನಡುವೆ ಬಾಯಿ ಮುಚ್ಚಿಕೊಂಡು ಬಗ್ಗಿದ್ದಳು. ಮುದುಕರು ಅವಳನ್ನು ಕಂಡು, ಕೋಲನ್ನು ಮತ್ತೊಮ್ಮೆ ಕುಟ್ಟಬೇಕೆಂದು ಎತ್ತಿ, ಕುಟ್ಟದೆ, ಕುರ್ಚಿಯಲ್ಲಿ ಕುಳಿತರು. ಭಾಷಣದ ಪುಟ ಮಾತ್ರ ಉದ್ದವಾಯಿತೆಂದು ಅವರು ಗೊಣಗಿದ್ದು ಪಕ್ಕದವರಿಗೆ ಕೇಳಿಸಿತು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಪದ್ಮಾಕರರು ಗುಳಿಗೆಯ ಚೀಲದ ಮೇಲಿಂದೆದ್ದು ಮುಂದೆ ಬಂದರು. ಚಪ್ಪಟೆಯಾದ ಆ ಚೀಲವನ್ನು ವಿನೀತನ ಕೈಗೆ ಹಿಂತಿರುಗಿಸಿ, ಬಸವಪ್ರಸಾದನಿಗೆ ತಮ್ಮ ತೀರ್ಪನ್ನು ಕೊಟ್ಟರು. ಭಾಷಣಕ್ಕೆ ಕತ್ತರಿ. ಉಳಿದದ್ದೆಲ್ಲ ಬರೆದ ಹಾಗೆ.

"ಮೀಸಿ ಇನ್ನಷ್ಟ ದಪ್ಪ ಮಾಡು," ಎಂದರು. "ಪುಸ್ತಕ ಮೈಸೂರಿಗೂ ಹೋಗೂದೈತಿ. ಅಲ್ಲೆ ಮತ್ತ ಯಾರೂ ತಪ್ಪ ತಿಳೀಬಾರದು."

ಬಸವಪ್ರಸಾದ ಅವರ ಎರಡೂ ಕೈಗಳನ್ನು ಹಿಡಿದುಕೊಂಡ.

ಜನ ಚೆದುರುತ್ತಿದ್ದರು. ಕಾಲೇಜಿನವರು ಪರದೆಯ ಮುಂದೆ ನಿಂತು ಶೀತಲನ ಹಾಗೆ ನಿಲ್ಲಲು ಪೈಪೋಟಿ ನಡೆಸಿದ್ದರು. ಪುಸ್ತಕ ಎಂದು ಸಿಗುತ್ತದೆ, ಮುಂದಿನ ಭಾಗ ಇದೆಯೋ ಇಲ್ಲವೋ, ಇದ್ದರೆ ಅದರಲ್ಲಿ ಶೀತಲ ಸಾಯುವುದಿಲ್ಲ ತಾನೆ ಎಂದು ಪೂರ್ಣಿಮಾಳನ್ನು ಮುತ್ತಿಕೊಂಡಿದ್ದರು. ಸಾಯುವುದಿಲ್ಲವೆಂದು ಅವಳು ಪ್ರಮಾಣ ಮಾಡಿ ಹೇಳಬೇಕಾಯಿತು.

ಹೊರಗೆ ಕಟ್ಟೆಯ ಮೇಲೆ ಕಾಶವ್ವ ಚಪ್ಪಲಿ ಮೆಟ್ಟುತ್ತಿದ್ದಳು. ಮಗನೂ ವಿನೀತನೂ ಬಂದು ಅವಳೆದುರು ನಿಂತರು. ಅವಳು ಕನ್ನಡಕವನ್ನು ತೆಗೆದಿರಲಿಲ್ಲ. ಚಿತ್ರಗಳು ಚೆನ್ನಾಗಿವೆ ಎಂದಳು. ಭಟ್ಟಿಯ ಬಾಯಿ ಇಷ್ಟು ಅಗಲವಿರುವುದಿಲ್ಲ ಎಂದಳು. ಆ ಬಳಿಕ ಚಪ್ಪಲಿಯ ಪಟ್ಟಿಯನ್ನು ಸುಮ್ಮನೆ ಎಳೆದಾಡಿದಳು. ಅಷ್ಟರಲ್ಲಿ ಸಂಗವ್ವ ಬಂದು ಅವಳ ಪಕ್ಕ ಕುಳಿತು, ಇಷ್ಟು ಚಂದ ಓದಿದ ಈ ಹುಡುಗ ಔಷಧದ ಅಂಗಡಿಯವನೆಂದು ತನಗೆ ಗೊತ್ತು, ಆದರೆ ಕಾಶವ್ವನಿಗೆ ಅವನು ಏನಾಗಬೇಕು ಎಂದು ವಿಚಾರಿಸಿದಳು. ಕಾಶವ್ವ ಬಾಯಿ ತೆರೆದಳು. ರೂಮಿನ ಹುಡುಗ ಎಂಬ ಮಾತು ಅವಳ ತುಟಿಯವರೆಗೆ ಬಂದಿರಬೇಕು. ಅದು ಹೊರಬೀಳುವ ಮೊದಲೇ ಬಸವಪ್ರಸಾದ ಹೇಳಿದ.

"ಇವರು ನಮ್ಮ ಮನಿಯವರ್ರಿ ಚಿಗವ್ವ."

ಗಂಡನನ್ನು ಕುರಿತು ಹೆಂಡತಿಯೂ, ಹೆಂಡತಿಯನ್ನು ಕುರಿತು ಗಂಡನೂ ಆಡುವ ಮಾತು ಅದು. ಆಡುವವರು ಯಾರೆಂದು ಅದು ಎಂದೂ ಕೇಳಿದ್ದಿಲ್ಲ. ಸಂಗವ್ವ ವಿನೀತನನ್ನು ಕೆಳಗಿನಿಂದ ಮೇಲಿನವರೆಗೆ ಹೊಸದಾಗಿ ನೋಡಿದಳು. ಹಾಗೆ ನೋಡಿದ ಮೇಲೆ ಅವಳು ತಲೆಯಾಡಿಸಿದಳು, ಅಳೆದು ಸರಿಹೋಯಿತೆಂಬಂತೆ.

ಕಾಶವ್ವ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಕನ್ನಡಕವನ್ನು ತೆಗೆದು ಮಡಚಿದಳು, ಎಲ್ಲಿಡಬೇಕೆಂದು ತಿಳಿಯದೆ ಅದನ್ನು ವಿನೀತನ ಅಂಗಿಯ ಜೇಬಿಗೆ ಹಾಕಿದಳು. ರೂಮಿನ ಹುಡುಗನನ್ನು ಅವಳು ಇಷ್ಟು ದಿನ ಏಕವಚನದಲ್ಲೇ ಕರೆಯುತ್ತಿದ್ದಳು.

"ರೊಟ್ಟಿ ಆರತಾವು," ಎಂದಳು ಅವನಿಗೆ. "ನಡೀರಿ, ಮನಿಗೆ ಹೋಗೂಣು."

ಸಂತೆಯ ದಾರಿಯಲ್ಲಿ ಅವಳು ಮುಂದೆ ನಡೆದಳು. ಎದುರಾದವರಿಗೆಲ್ಲ, ಕೇಳದವರಿಗೂ ಸಹ, ಪುಸ್ತಕ ಬರುವ ತಿಂಗಳು ಅಚ್ಚಾಗುತ್ತದೆಂದೂ, ಕಥೆ ಬರೆದವರು ಇವರೇ ಎಂದೂ ಹಿಂದೆ ತಿರುಗಿ ತೋರಿಸುತ್ತ ಹೋದಳು.